ಮೇಯರ್ ಆದ ಪೊಲೀಸ್, ಕೈಗೆ ಸಿಗದ ಪೊಲೀಸ್ ಇಲಾಖೆ

ಧಾರವಾಡದಲ್ಲೋ ವಿಜಯಪುರದಲ್ಲೋ ರೂಮು ಮಾಡಿಕೊಂಡು ಪಿಎಸ್‌ಐ ಪರೀಕ್ಷೆಗೆ ಓದುವ ಒಬ್ಬ ಹುಡುಗನಾದರೂ ನಿಮ್ಮ ಊರಲ್ಲಿ ಇದ್ದೇ ಇರುತ್ತಾನೆ. ಖಾಕಿ ಬಂದರೆ ಸಂಬಳ ಬರುತ್ತದೆ, ಮರ್ಯಾದೆ ಬರುತ್ತದೆ, ಮನೆಯ ಕಷ್ಟ ಕಳೆಯುತ್ತದೆ ಎಂಬ ಲೆಕ್ಕ. ಕೆಲವರಿಗೆ ಖಾಕಿಯ ಆಚೆಗೂ ಕಣ್ಣಿರುತ್ತದೆ. ಶಂಕರ್‌ನಾಗ್ ಸಿನಿಮಾದಿಂದ ಊರೂರಿಗೂ ಗೊತ್ತಾದ ಸಾಂಗ್ಲಿಯಾನ 2004ರಲ್ಲಿ ಬೆಂಗಳೂರು ಉತ್ತರದಿಂದ ಲೋಕಸಭೆಗೆ ಗೆದ್ದರು. ಹಿರೇಕೆರೂರಿನ ಬಿ.ಸಿ. ಪಾಟೀಲರು ಪೊಲೀಸ್ ಕೆಲಸದಿಂದ ಸಿನಿಮಾಕ್ಕೆ, ಅಲ್ಲಿಂದ ವಿಧಾನಸಭೆಗೆ ಹೋದರು. ಹಾಗಾಗಿ ಈ ದಾರಿ ನಮಗೆ ಹೊಸದಲ್ಲ.

ಇವತ್ತು ಹೇಳಹೊರಟಿರುವುದು ಇದೇ ದಾರಿಯಲ್ಲಿ ನಡೆದ ದೂರದ ಒಬ್ಬರ ಕಥೆ. ಅಮೆರಿಕದ ಲಾಸ್ ಏಂಜಲೀಸ್ ನಗರದ ಟಾಮ್ ಬ್ರಾಡ್ಲಿ. ನಮ್ಮ ಕಡೆಯ ಹುಡುಗರು ಓದಲಿಕ್ಕೋ ಸಾಫ್ಟ್‌ವೇರ್ ಕೆಲಸಕ್ಕೋ ಆ ಊರಿಗೆ ವಿಮಾನದಲ್ಲಿ ಹೋದರೆ ಹೆಚ್ಚಾಗಿ ಇಳಿಯುವುದು ಅವರ ಹೆಸರಿನ ಟರ್ಮಿನಲ್‌ನಲ್ಲೇ. ಬೋರ್ಡಿನ ಮೇಲೆ ಹೆಸರು ದೊಡ್ಡದಾಗಿದೆ. ಆ ಹೆಸರಿನ ಮನುಷ್ಯ 21 ವರ್ಷ ಪೊಲೀಸ್ ಆಗಿದ್ದರು, 20 ವರ್ಷ ಮೇಯರ್ ಆಗಿದ್ದರು. ಆದರೂ ತನ್ನದೇ ನಗರದ ಪೊಲೀಸ್ ಇಲಾಖೆಯನ್ನು ಬಗ್ಗಿಸಲು ಅವರಿಗೆ ಹೆಚ್ಚುಕಡಿಮೆ ಅಷ್ಟೂ ವರ್ಷ ಬೇಕಾಯಿತು.

ಬ್ರಾಡ್ಲಿ ಹುಟ್ಟಿದ್ದು 1917ರ ಡಿಸೆಂಬರ್ 29ರಂದು, ಟೆಕ್ಸಾಸ್ ರಾಜ್ಯದ ಕ್ಯಾಲ್ವರ್ಟ್ ಎಂಬ ಊರಿನ ಹತ್ತಿರ. ಅಜ್ಜನ ಕಾಲಕ್ಕೆ ಗುಲಾಮಗಿರಿ. ಅಪ್ಪನ ಕಾಲಕ್ಕೆ ಪಾಲಿನ ಬೇಸಾಯ. ಪಾಲು ಎಂದರೇನು ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಹೊಲ ಒಬ್ಬರದು, ಬೆವರು ಇನ್ನೊಬ್ಬರದು, ಸುಗ್ಗಿ ಮುಗಿದ ಮೇಲೆ ಲೆಕ್ಕ ಬರೆಯುವ ಪೆನ್ನು ಮಾತ್ರ ಯಾವಾಗಲೂ ಹೊಲದವನ ಕೈಯಲ್ಲಿ. ಚಿಕ್ಕ ಹುಡುಗ ಟಾಮ್ ಕೂಡ ಹತ್ತಿ ಬಿಡಿಸಿದ. ಆ ಬದುಕು ಸಾಕಾಗಿ ಕುಟುಂಬ ಪಶ್ಚಿಮಕ್ಕೆ ಗುಳೆ ಹೊರಟಿತು. ಸ್ವಲ್ಪ ಕಾಲ ಅರಿಜೋನಾದ ಹತ್ತಿ ಹೊಲಗಳಲ್ಲಿ ದುಡಿದು 1924ರ ಹೊತ್ತಿಗೆ ಲಾಸ್ ಏಂಜಲೀಸ್ ಸೇರಿದರು. ಅಪ್ಪ ರೈಲಿನಲ್ಲಿ ಪೋರ್ಟರ್, ಅಮ್ಮ ಮನೆಗೆಲಸಕ್ಕೆ. ಕೊನೆಗೆ ಅಪ್ಪ ಮನೆ ಬಿಟ್ಟು ಹೋದ. ಸಂಸಾರ ಅಮ್ಮನ ಮೇಲೆ ಬಿತ್ತು.

ಹುಡುಗ ಎತ್ತರ ಬೆಳೆದ, ಆರಡಿ ನಾಲ್ಕು ಇಂಚು. ಓಡುವುದರಲ್ಲಿ ಮುಂದಿದ್ದ. ಆ ಓಟವೇ ಅವನಿಗೆ 1937ರಲ್ಲಿ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಸ್ಕಾಲರ್‌ಶಿಪ್ ಕೊಡಿಸಿತು. ಆದರೆ ಡಿಗ್ರಿ ಮುಗಿಯಲಿಲ್ಲ. 1940ರಲ್ಲಿ ಪೊಲೀಸ್ ಕೆಲಸ ಸಿಕ್ಕಿತು, ಕಾಲೇಜು ಬಿಟ್ಟು ಸೇರಿಕೊಂಡರು. ಬಡವರ ಮನೆಯ ಹುಡುಗ ಖಾಯಂ ಸಂಬಳವನ್ನು ಯಾಕೆ ಬಿಡುತ್ತಾನೆ?

ಇಲ್ಲಿಂದ ಕಥೆ ನಿಧಾನವಾಗಿ ಕೇಳಬೇಕು. ಆಗ ಲಾಸ್ ಏಂಜಲೀಸ್ ಪೊಲೀಸರು ಸುಮಾರು 4,000 ಮಂದಿ. ಅವರಲ್ಲಿ ಕಪ್ಪು ಜನ ನೂರರ ಆಸುಪಾಸು. ಬ್ರಾಡ್ಲಿ ಮುಂದೆ ನೆನಪಿಸಿಕೊಂಡ ಪ್ರಕಾರ ಕಪ್ಪು ಪೊಲೀಸರಿಗೆ ಇದ್ದದ್ದು ಎರಡೇ ಜಾಗ. ಕಪ್ಪು ಜನರೇ ಹೆಚ್ಚಿದ್ದ ನ್ಯೂಟನ್ ಸ್ಟ್ರೀಟ್ ಠಾಣೆ, ಇಲ್ಲವೇ ಪೇಟೆಯಲ್ಲಿ ಟ್ರಾಫಿಕ್ ಡ್ಯೂಟಿ. ಬಿಳಿ ಪೊಲೀಸರ ಜೊತೆ ಒಂದೇ ಕಾರಿನಲ್ಲಿ ಗಸ್ತು ತಿರುಗುವ ಹಾಗಿಲ್ಲ. ಹೀಗೆಂದು ಊರೆಲ್ಲ ಬೋರ್ಡ್ ಹಾಕಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಅಷ್ಟೇ. ನಮ್ಮ ಊರುಗಳಲ್ಲಿ ಯಾರು ಯಾವ ಕಟ್ಟೆಯ ಮೇಲೆ ಕೂರುವ ಹಾಗಿಲ್ಲ ಎಂಬುದನ್ನೂ ಯಾರೂ ಬರೆದು ಹಾಕುವುದಿಲ್ಲವಲ್ಲ, ಹಾಗೆ.

ಸಮವಸ್ತ್ರ ಹಾಕಿದಾಗ ಆತ ಸರ್ಕಾರದ ಮನುಷ್ಯ. ಬಿಚ್ಚಿದರೆ ಮತ್ತೆ ಬರೀ ಕಪ್ಪು ಮನುಷ್ಯ. ಪೇಟೆಯ ದೊಡ್ಡ ಅಂಗಡಿಯೊಂದು ಅವರಿಗೆ ಸಾಲದ ಖಾತೆ ತೆರೆಯಲಿಲ್ಲ. ಎಷ್ಟೋ ಹೋಟೆಲುಗಳಲ್ಲಿ ಕಪ್ಪು ಜನರಿಗೆ ಊಟ ಕೊಡುತ್ತಿರಲಿಲ್ಲ. 1950ರಲ್ಲಿ ಲೈಮರ್ಟ್ ಪಾರ್ಕ್ ಎಂಬ ಬಡಾವಣೆಯಲ್ಲಿ ಮನೆ ಕೊಳ್ಳಬೇಕಾದರೆ ಒಬ್ಬ ಬಿಳಿಯರನ್ನು ನಡುವೆ ನಿಲ್ಲಿಸಿ, ಅವರ ಮೂಲಕ ವ್ಯವಹಾರ ಮಾಡಬೇಕಾಯಿತು. ಬಣ್ಣ ನೋಡಿ ಮನೆ ಮಾರುವುದಿಲ್ಲವೆಂಬ ಕರಾರುಗಳನ್ನು ಕೋರ್ಟುಗಳು ಜಾರಿ ಮಾಡಕೂಡದೆಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿ ಆಗಲೇ ಎರಡು ವರ್ಷ ಆಗಿತ್ತು.

ಹಾಗಂತ ಬ್ರಾಡ್ಲಿ ಇಲಾಖೆಯೊಳಗೆ ಕೂಗಾಡಿದವರಲ್ಲ. ಸ್ವಭಾವದಲ್ಲೇ ಮಾತು ಕಮ್ಮಿ. ಪರೀಕ್ಷೆ ಬರೆದರು, ಸಾರ್ಜೆಂಟ್ ಆದರು, ಆಮೇಲೆ ಲೆಫ್ಟಿನೆಂಟ್. ಹೆಚ್ಚುಕಡಿಮೆ ನಮ್ಮ ಇನ್‌ಸ್ಪೆಕ್ಟರ್ ಮಟ್ಟ ಅನ್ನಬಹುದು. ಕಪ್ಪು ಅಧಿಕಾರಿಯೊಬ್ಬ ಆ ಇಲಾಖೆಯಲ್ಲಿ ಅಷ್ಟು ಮೇಲೆ ಹೋದದ್ದೇ ಆಗ ದೊಡ್ಡ ಮಾತು. ಲೆಫ್ಟಿನೆಂಟ್ ಆದಮೇಲೆ ಕಪ್ಪು ಮತ್ತು ಬಿಳಿ ಪೊಲೀಸರನ್ನು ಒಂದೇ ಗಸ್ತು ಕಾರಿನಲ್ಲಿ ಕಳಿಸಲು ಪ್ರಯತ್ನಪಟ್ಟರು. ಇಷ್ಟ ಇದ್ದವರು ಬನ್ನಿ ಎಂದಷ್ಟೇ ಕೇಳಿದ್ದು. ಬಿಳಿ ಸಿಬ್ಬಂದಿಯ ವಿರೋಧದಿಂದ ಅದು ನಿಂತುಹೋಯಿತು. ಆಗ ಇಲಾಖೆಯ ಮುಖ್ಯಸ್ಥ, ಅಂದರೆ ಪೊಲೀಸ್ ಚೀಫ್, ವಿಲಿಯಂ ಪಾರ್ಕರ್. ಶಿಸ್ತಿಗೆ ದೇಶದಲ್ಲೇ ಹೆಸರಾದ ಮನುಷ್ಯ. ಲಂಚಕ್ಕೆ ಕಡಿವಾಣ ಹಾಕಿದ್ದು ನಿಜ. ಕಪ್ಪು ಕೇರಿಗಳಲ್ಲಿ ಆತನ ಪೊಲೀಸರು ಪರದೇಶದ ಸೈನ್ಯದಂತೆ ಕಾಣುತ್ತಿದ್ದರು ಎಂಬುದೂ ಅಷ್ಟೇ ನಿಜ.

ಈ ಗೋಡೆಯ ಮುಂದೆ ನಿಂತ ಬ್ರಾಡ್ಲಿ ಎರಡು ಕೆಲಸ ಮಾಡಿದರು. ಒಂದು, ರಾತ್ರಿ ಕಾಲೇಜಿಗೆ ಹೋಗಿ ಕಾನೂನು ಓದಿದರು. ಹಗಲು ಡ್ಯೂಟಿ, ರಾತ್ರಿ ಪಾಠ, 1956ರಲ್ಲಿ ಡಿಗ್ರಿ. ಇನ್ನೊಂದು, ಜನರ ನಡುವೆ ಓಡಾಡಿದರು. ಇಲಾಖೆಯಲ್ಲಿ ಅವರ ಕೆಲಸದ ಒಂದು ಭಾಗವೇ ದಾರಿ ತಪ್ಪಿದ ಹುಡುಗರ ಜೊತೆ, ಸಂಘಸಂಸ್ಥೆಗಳ ಜೊತೆ ಮಾತಾಡುವುದಾಗಿತ್ತು. ಚರ್ಚು, ಶಾಲೆ, ವ್ಯಾಪಾರಿಗಳ ಸಂಘ, ಎಲ್ಲ ಕಡೆ ಮುಖಪರಿಚಯ. ಜೊತೆಗೆ ಡೆಮಾಕ್ರಟಿಕ್ ಪಕ್ಷದ ಸ್ಥಳೀಯ ಕ್ಲಬ್ಬುಗಳಿಗೆ ಹೋಗತೊಡಗಿದರು. 1949ರಲ್ಲಿ ಎಡ್ವರ್ಡ್ ರಾಯ್ಬಲ್ ಎಂಬ ಮೆಕ್ಸಿಕನ್ ಮೂಲದ ನಾಯಕ ನಗರಸಭೆಗೆ ನಿಂತಾಗ ಅವರ ಪರ ಕೆಲಸ ಮಾಡಿದವರಲ್ಲಿ ಬ್ರಾಡ್ಲಿಯೂ ಒಬ್ಬರು. ಆ ಕ್ಲಬ್ಬುಗಳಲ್ಲಿ ಯಹೂದಿಗಳಿದ್ದರು, ಜಪಾನಿ ಮೂಲದವರಿದ್ದರು, ಮೆಕ್ಸಿಕನ್ನರಿದ್ದರು. ಮುಂದೆ ಇವರೇ ಅವರ ವೋಟಿನ ಬುನಾದಿ ಆದದ್ದು.

1961ರಲ್ಲಿ ಪೆನ್ಷನ್‌ಗೆ ಸಾಕಾಗುವಷ್ಟು ಸರ್ವಿಸ್ ಮುಗಿಸಿ ಇಲಾಖೆ ಬಿಟ್ಟು ವಕೀಲಿಕೆ ಶುರು ಮಾಡಿದರು. ಅದೇ ವರ್ಷ ಅವರ ಕಡೆಯ 10ನೇ ವಾರ್ಡಿನ ಕೌನ್ಸಿಲ್ ಸೀಟು ಖಾಲಿಯಾಯಿತು. ವಾರ್ಡ್ ಅಂದರೆ ನಮ್ಮ ವಾರ್ಡಿನಷ್ಟು ಪುಟ್ಟದು ಅಂದುಕೊಳ್ಳಬೇಡಿ. ಅಷ್ಟು ದೊಡ್ಡ ನಗರಕ್ಕೆ ಒಟ್ಟು 15 ಸದಸ್ಯರು ಮಾತ್ರ. ಕಪ್ಪು ಸಮುದಾಯದವರು ನಮ್ಮವರೊಬ್ಬರನ್ನು ನೇಮಿಸಿ ಎಂದು ಅರ್ಜಿ ಕೊಟ್ಟರು. ಕೌನ್ಸಿಲ್ ಒಬ್ಬ ಬಿಳಿಯ ವ್ಯಾಪಾರಸ್ಥರನ್ನು ನೇಮಿಸಿತು. 1963ರ ಚುನಾವಣೆಯಲ್ಲಿ ಬ್ರಾಡ್ಲಿ ಅವರನ್ನೇ ಸೋಲಿಸಿದರು. ನಮ್ಮ ಗ್ರಾಮ ಪಂಚಾಯಿತಿ ಚುನಾವಣೆಯ ಹಾಗೆ ಅಲ್ಲೂ ನಗರದ ಚುನಾವಣೆಯ ಮತಪತ್ರದಲ್ಲಿ ಪಕ್ಷದ ಹೆಸರಿರುವುದಿಲ್ಲ. ಯಾರು ಯಾವ ಕಡೆಯವರು ಅನ್ನೋದು ಊರಿಗೆಲ್ಲ ಗೊತ್ತಿರುತ್ತದೆ ಅನ್ನಿ. ಆ ವಾರ್ಡಿನಲ್ಲಿ ಕಪ್ಪು ಜನರೇ ಬಹುಮತ ಇರಲಿಲ್ಲ, ಎಲ್ಲರ ವೋಟೂ ಬೇಕಿತ್ತು. ಬಂತು.

ಎರಡು ವರ್ಷಕ್ಕೆ, 1965ರ ಆಗಸ್ಟ್‌ನಲ್ಲಿ, ವಾಟ್ಸ್ ಎಂಬ ಕಪ್ಪು ಬಡಾವಣೆ ಹೊತ್ತಿ ಉರಿಯಿತು. ಪೊಲೀಸರು ಒಬ್ಬ ಯುವಕನ ಕಾರು ತಡೆದದ್ದು ನೆಪ. ಆರು ದಿನ ಗಲಭೆ, 34 ಸಾವು. ಮಾಜಿ ಪೊಲೀಸ್ ಬ್ರಾಡ್ಲಿ ಕೌನ್ಸಿಲ್‌ನಲ್ಲಿ ಎದ್ದು ನಿಂತು ಚೀಫ್ ಪಾರ್ಕರ್‌ಗೆ ನೇರ ಪ್ರಶ್ನೆ ಕೇಳಿದರು. ಇಲಾಖೆಯೊಳಗಿದ್ದಾಗ ಬಾಯಿ ಬಿಡಲಾಗದ್ದನ್ನು ಹೊರಗೆ ಬಂದು ಕೇಳಿದ ಹಾಗಾಯಿತು. ಅಂದಿನಿಂದ ಪೊಲೀಸರ ಪಾಲಿಗೆ ಅವರು ನಮ್ಮವರಾಗಿ ಉಳಿಯಲಿಲ್ಲ.

ಅದರ ಬೆಲೆ ಗೊತ್ತಾದದ್ದು 1969ರಲ್ಲಿ. ಮೇಯರ್ ಚುನಾವಣೆಗೆ ನಿಂತರು. ಅಲ್ಲಿ ಮೇಯರನ್ನು ಜನರೇ ನೇರವಾಗಿ ನಾಲ್ಕು ವರ್ಷಕ್ಕೆ ಆರಿಸುತ್ತಾರೆ. ಮೊದಲ ಸುತ್ತಿನಲ್ಲಿ ಬ್ರಾಡ್ಲಿಗೆ ಶೇ 42, ಕುರ್ಚಿಯಲ್ಲಿದ್ದ ಸ್ಯಾಮ್ ಯಾರ್ಟಿಗೆ ಶೇ 26. ಯಾರಿಗೂ ಅರ್ಧ ದಾಟದ ಕಾರಣ ಎರಡನೇ ಸುತ್ತು. ಆಗ ಯಾರ್ಟಿ ಕಡೆಯವರು ಭಯ ಬಿತ್ತಿದರು. ಈತ ತೀವ್ರವಾದಿಗಳ ಗೆಳೆಯ, ಈತ ಪೊಲೀಸ್ ವಿರೋಧಿ, ಈತ ಗೆದ್ದರೆ ಪೊಲೀಸರು ರಾಜೀನಾಮೆ ಕೊಟ್ಟು ಹೋಗುತ್ತಾರೆ ಎಂಬ ಮಾತುಗಳು ಹರಡಿದವು. 21 ವರ್ಷ ಬ್ಯಾಡ್ಜ್ ಹಾಕಿಕೊಂಡಿದ್ದವನಿಗೆ ಪೊಲೀಸ್ ವಿರೋಧಿ ಎಂಬ ಪಟ್ಟ! ಯಾರ್ಟಿ ಶೇ 53 ಪಡೆದು ಗೆದ್ದರು.

1973ರಲ್ಲಿ ಮತ್ತೆ ಅದೇ ಇಬ್ಬರು ಎದುರಾದರು. ಈ ಸಲ ಬ್ರಾಡ್ಲಿ ಕಡೆಯವರು ಪಾಠ ಕಲಿತಿದ್ದರು. ಟಿವಿ ಜಾಹೀರಾತಿನಲ್ಲಿ ಅವರ ಪೊಲೀಸ್ ಸರ್ವಿಸ್ಸನ್ನೇ ಮುಂದಿಟ್ಟರು. ಶೇ 56 ವೋಟು ಬಂತು. ಜುಲೈ 1ರಂದು ಪ್ರಮಾಣವಚನ ಬೋಧಿಸಿದವರು ದೇಶದ ನಿವೃತ್ತ ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರೆನ್. ನಗರದಲ್ಲಿ ಕಪ್ಪು ಜನ ಆಗ ಐವರಲ್ಲಿ ಒಬ್ಬರೂ ಇರಲಿಲ್ಲ ಅನ್ನುವುದನ್ನು ಮರೆಯಬಾರದು.

ಮೇಯರ್ ಆಗಿ ಏನೇನು ಮಾಡಿದರು ಅನ್ನುವುದಕ್ಕೆ ಬೇರೆಯೇ ಲೇಖನ ಬೇಕು. ಪೇಟೆಯಲ್ಲಿ ಗಗನಚುಂಬಿಗಳು ಎದ್ದವು, ಬಂದರು ಮತ್ತು ವಿಮಾನ ನಿಲ್ದಾಣ ಬೆಳೆದವು, ನಗರದ ಸಮಿತಿಗಳಿಗೆ ಹೆಂಗಸರು, ಕಪ್ಪು ಜನ, ಏಷ್ಯಾ ಮೂಲದವರು ಬಂದರು. 1984ರ ಒಲಿಂಪಿಕ್ಸ್ ಅವರ ಕಾಲದಲ್ಲೇ ನಡೆಯಿತು. ಅದಕ್ಕೂ ಎಂಟು ವರ್ಷ ಮುಂಚೆ ಒಲಿಂಪಿಕ್ಸ್ ನಡೆಸಿದ್ದ ಮಾಂಟ್ರಿಯಲ್ ಸಾಲದಲ್ಲಿ ಮುಳುಗಿತ್ತು. ಲಾಸ್ ಏಂಜಲೀಸ್ ಖಾಸಗಿ ಸಮಿತಿಯಿಂದ ನಡೆಸಿ 20 ಕೋಟಿ ಡಾಲರಿಗೂ ಹೆಚ್ಚು ಉಳಿಸಿ ತೋರಿಸಿತು. ಆದರೆ ಅದೇ ವರ್ಷಗಳಲ್ಲಿ ನಗರದ ದಕ್ಷಿಣ ಭಾಗದ ಟೈರು ಫ್ಯಾಕ್ಟರಿಗಳು, ಕಾರು ಫ್ಯಾಕ್ಟರಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಪೇಟೆಯ ದೀಪ ವಾಟ್ಸ್‌ವರೆಗೆ ಬರಲೇ ಇಲ್ಲ ಎಂದು ಕಪ್ಪು ಜನರೇ ದೂರಿದರು. ದೂರು ಸುಳ್ಳಲ್ಲ.

1982ರಲ್ಲಿ ಅವರು ಕ್ಯಾಲಿಫೋರ್ನಿಯಾ ರಾಜ್ಯದ ಗವರ್ನರ್ ಹುದ್ದೆಗೆ ನಿಂತರು. ಅಲ್ಲಿ ಗವರ್ನರ್ ಅಂದರೆ ನಮ್ಮ ರಾಜ್ಯಪಾಲರ ಹಾಗಲ್ಲ, ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಮತದಾನದ ದಿನದ ಸಮೀಕ್ಷೆ ಬ್ರಾಡ್ಲಿ ಗೆದ್ದರು ಎಂದಿತು. ಎಣಿಕೆ ಮುಗಿದಾಗ ಜಾರ್ಜ್ ಡ್ಯೂಕ್‌ಮೇಜಿಯನ್ ಗೆದ್ದಿದ್ದರು, 75 ಲಕ್ಷಕ್ಕೂ ಹೆಚ್ಚು ವೋಟಿನಲ್ಲಿ ಒಂದು ಲಕ್ಷಕ್ಕಿಂತ ಕಡಿಮೆ ಅಂತರದಲ್ಲಿ. ಬಿಳಿ ಮತದಾರರು ಸಮೀಕ್ಷೆಯವರ ಮುಂದೆ ಒಂದು ಹೇಳಿ ಮತಗಟ್ಟೆಯೊಳಗೆ ಇನ್ನೊಂದು ಮಾಡಿದರು ಎಂಬ ವಾದ ಹುಟ್ಟಿತು. ಅದಕ್ಕೆ 'ಬ್ರಾಡ್ಲಿ ಎಫೆಕ್ಟ್' ಎಂಬ ಹೆಸರೇ ಬಿತ್ತು. 2008ರಲ್ಲಿ ಒಬಾಮ ನಿಂತಾಗಲೂ ಟಿವಿಗಳಲ್ಲಿ ಈ ಮಾತು ಓಡಾಡಿತು. ಎಲ್ಲರೂ ಇದನ್ನು ಒಪ್ಪುವುದಿಲ್ಲ. ಅಂಚೆ ಮತಗಳು ವಿರೋಧಿಗೆ ಹೆಚ್ಚು ಬಂದವು, ಆ ಸಲ ಬಂದೂಕು ನಿಯಂತ್ರಣದ ಪ್ರಶ್ನೆಯೂ ಮತಕ್ಕೆ ಇದ್ದುದರಿಂದ ಅದರ ವಿರೋಧಿಗಳು ದಂಡಾಗಿ ಬಂದರು ಎನ್ನುವವರಿದ್ದಾರೆ. ನನಗನಿಸುವಂತೆ ಎಲ್ಲವೂ ಸ್ವಲ್ಪಸ್ವಲ್ಪ. ಅಷ್ಟು ಸಣ್ಣ ಅಂತರದ ಸೋಲಿಗೆ ಒಂದೇ ಕಾರಣ ಹುಡುಕುವುದು ಕಷ್ಟ. 1986ರಲ್ಲಿ ಮತ್ತೆ ಡ್ಯೂಕ್‌ಮೇಜಿಯನ್ ಎದುರು ನಿಂತು ದೊಡ್ಡ ಅಂತರದಲ್ಲಿ ಸೋತರು. ರಾಜ್ಯದ ಬಾಗಿಲು ಅಲ್ಲಿಗೆ ಮುಚ್ಚಿತು.

ಈಗ ಅಸಲು ಪ್ರಶ್ನೆಗೆ ಬರೋಣ. ಇಷ್ಟೆಲ್ಲ ಅಧಿಕಾರ ಇದ್ದ ಮೇಯರ್ ಪೊಲೀಸರನ್ನು ಯಾಕೆ ಬದಲಾಯಿಸಲಿಲ್ಲ?

ಬೆಂಗಳೂರಿನ ಪೊಲೀಸ್ ಕಮಿಷನರ್ ಮೇಯರ್ ಕೈಕೆಳಗೆ ಇಲ್ಲ, ರಾಜ್ಯ ಸರ್ಕಾರದ ಕೆಳಗೆ. ಸರ್ಕಾರ ಬದಲಾದರೆ ಕಮಿಷನರೂ ಬದಲು, ಅದು ನಮಗೆ ಮಾಮೂಲು. ಲಾಸ್ ಏಂಜಲೀಸ್‌ನಲ್ಲಿ ಪೊಲೀಸ್ ಇಲಾಖೆ ನಗರದ್ದೇ. ಆದರೆ ಚೀಫ್‌ನನ್ನು ಮೇಯರ್ ಕಿತ್ತುಹಾಕುವ ಹಾಗಿರಲಿಲ್ಲ. 1930ರ ದಶಕದಲ್ಲಿ ಆ ನಗರದ ರಾಜಕೀಯ ಕೊಳೆತು ನಾರುತ್ತಿತ್ತು. 1938ರಲ್ಲಿ ಜನರೇ ವೋಟು ಹಾಕಿ ಮೇಯರ್ ಫ್ರಾಂಕ್ ಶಾ ಅವರನ್ನು ಅರ್ಧದಲ್ಲೇ ಇಳಿಸಿದ್ದರು. ಅಂಥ ರಾಜಕಾರಣಿಗಳ ಕೈಗೆ ಪೊಲೀಸ್ ಸಿಗಬಾರದೆಂದು ಚೀಫ್ ಹುದ್ದೆಗೆ ಅದೇ ಕಾಲದಲ್ಲಿ ನಗರದ ಸಂವಿಧಾನದಲ್ಲೇ ರಕ್ಷಣೆ ಕೊಟ್ಟರು. ಒಮ್ಮೆ ಕುಳಿತರೆ ತಾನಾಗಿ ಏಳುವವರೆಗೆ ಎಬ್ಬಿಸುವುದು ಹೆಚ್ಚುಕಡಿಮೆ ಅಸಾಧ್ಯ. ಮೇಯರ್ ಮಾಡಬಹುದಾದದ್ದು ಐದು ಜನರ ಪೊಲೀಸ್ ಕಮಿಷನ್ ನೇಮಿಸುವುದು. ಆ ಐವರೂ ಅರೆಕಾಲಿಕರು. ಒಳ್ಳೆಯ ಉದ್ದೇಶಕ್ಕೆ ಕಟ್ಟಿದ ಬೇಲಿ. ಅದೇ ಬೇಲಿ ಒಳಗಿನವರನ್ನು ಯಾರೂ ಕೇಳದಂತೆ ಮಾಡಿತು.

1978ರಲ್ಲಿ ಡ್ಯಾರಿಲ್ ಗೇಟ್ಸ್ ಚೀಫ್ ಆದರು. ಒಮ್ಮೆ ಪಾರ್ಕರ್ ಅವರ ಡ್ರೈವರ್ ಆಗಿದ್ದ, ಅವರ ಗರಡಿಯಲ್ಲೇ ಬೆಳೆದ ಮನುಷ್ಯ. ಬಂಧಿಸುವಾಗ ಕುತ್ತಿಗೆಯನ್ನು ತೋಳಿನಿಂದ ಅದುಮುವ ಪಟ್ಟು ಆಗ ಸಾಮಾನ್ಯವಾಗಿತ್ತು. 1975ರಿಂದ ಕೆಲವೇ ವರ್ಷಗಳಲ್ಲಿ ಅದರಿಂದ 16 ಮಂದಿ ಸತ್ತರು, ಅವರಲ್ಲಿ 12 ಮಂದಿ ಕಪ್ಪು ಗಂಡಸರು. 1982ರಲ್ಲಿ ಕಮಿಷನ್ ಅದಕ್ಕೆ ಕಡಿವಾಣ ಹಾಕಿತು. 1983ರಲ್ಲಿ, ಜನರ ಮೇಲೆ, ಸಂಘಟನೆಗಳ ಮೇಲೆ ಗುಟ್ಟಾಗಿ ಕಣ್ಣಿಟ್ಟಿದ್ದ ಇಲಾಖೆಯ ಗೂಢಚಾರ ವಿಭಾಗವನ್ನು ಮುಚ್ಚಿಸಿತು. ಬ್ರಾಡ್ಲಿ ನೇಮಿಸಿದ ಕಮಿಷನ್ ಕೈಲಾದದ್ದು ಇಂಥವು. 1988ರ ಏಪ್ರಿಲ್‌ನಲ್ಲಿ ಗ್ಯಾಂಗುಗಳ ವಿರುದ್ಧ ಎಂದು ಪೊಲೀಸರು ಒಂದೇ ವಾರಾಂತ್ಯದಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಹಿಡಿದರು. ಆಗ ಮೇಯರ್ ಬಾಯಲ್ಲಿ ದೊಡ್ಡ ಆಕ್ಷೇಪಣೆ ಕೇಳಲಿಲ್ಲ. ಅಪರಾಧದ ಭಯ ಎಲ್ಲ ಕಡೆ ಇತ್ತು. ಪೊಲೀಸ್ ವಿರೋಧಿ ಎಂಬ 1969ರ ಹಳೆಯ ಕಲೆಯೂ ಮನಸ್ಸಿನಲ್ಲಿ ಇದ್ದಿರಬೇಕು. ಇದು ನನ್ನ ಊಹೆ.

1989ರಲ್ಲಿ ಬ್ರಾಡ್ಲಿ ಅವರಿಗೇ ಕಳಂಕ ತಟ್ಟಿತು. ನಗರದ ಜೊತೆ ವ್ಯವಹಾರ ಇದ್ದ ಒಂದು ಬ್ಯಾಂಕಿನಿಂದ ಸಲಹೆಗಾರರಾಗಿ ಹಣ ಪಡೆದದ್ದು ಬಯಲಾಯಿತು. ನಗರದ ಸರ್ಕಾರಿ ವಕೀಲ ಜೇಮ್ಸ್ ಹಾನ್ ತನಿಖೆ ಮಾಡಿ ಕ್ರಿಮಿನಲ್ ಕೇಸ್ ಹಾಕಲಿಲ್ಲ. ಆದರೆ ಹೆಸರಿಗೆ ಪೆಟ್ಟು ಬಿತ್ತು.

1991ರ ಮಾರ್ಚ್ 3ರ ರಾತ್ರಿ ರಾಡ್ನಿ ಕಿಂಗ್ ಎಂಬ ಕಪ್ಪು ಯುವಕನನ್ನು ಪೊಲೀಸರು ಲಾಠಿಯಿಂದ ಹೊಡೆಯುವುದನ್ನು ಎದುರು ಮನೆಯವರೊಬ್ಬರು ವಿಡಿಯೊ ಮಾಡಿದರು. ಮೊಬೈಲ್ ಇಲ್ಲದ ಕಾಲ ಅದು. ಜಗತ್ತೇ ನೋಡಿತು. ಬ್ರಾಡ್ಲಿ ಕೊನೆಗೂ ಗೇಟ್ಸ್ ಹೋಗಬೇಕು ಎಂದರು. ಗೇಟ್ಸ್ ಹೋಗಲಿಲ್ಲ. ಏಪ್ರಿಲ್‌ನಲ್ಲಿ ಕಮಿಷನ್ ಅವರನ್ನು 60 ದಿನ ರಜೆಯ ಮೇಲೆ ಕಳಿಸಿತು. ಕೌನ್ಸಿಲ್ ಚೀಫ್ ಪರ ನಿಂತಿತು, ವಿಷಯ ಕೋರ್ಟಿಗೆ ಹೋಯಿತು, ಕೆಲವೇ ದಿನಗಳಲ್ಲಿ ಅವರು ಮರಳಿ ಕುರ್ಚಿಗೆ ಬಂದರು. ಅದಾದ ಮೇಲೆ ನಗರದ ಮೇಯರ್ ಮತ್ತು ಪೊಲೀಸ್ ಚೀಫ್ ಒಂದು ವರ್ಷಕ್ಕೂ ಹೆಚ್ಚು ಕಾಲ ಮಾತೇ ಬಿಟ್ಟಿದ್ದರು.

ವಾರೆನ್ ಕ್ರಿಸ್ಟೋಫರ್ ನೇತೃತ್ವದ ತನಿಖಾ ಸಮಿತಿ ಜುಲೈನಲ್ಲಿ ವರದಿ ಕೊಟ್ಟಿತು. ಅತಿಯಾದ ಬಲ ಬಳಸಿದ ದೂರು ಆರು ಅಥವಾ ಅದಕ್ಕೂ ಹೆಚ್ಚು ಸಲ ಬಂದಿದ್ದ 44 ಪೊಲೀಸರನ್ನು ಅದು ಲೆಕ್ಕ ಹಾಕಿ ತೋರಿಸಿತು. ಗಸ್ತು ಕಾರುಗಳ ಕಂಪ್ಯೂಟರಿನಲ್ಲಿ ಪೊಲೀಸರು ಒಬ್ಬರಿಗೊಬ್ಬರು ಕಳಿಸಿದ ಜನಾಂಗ ನಿಂದನೆಯ ಸಂದೇಶಗಳನ್ನೂ ಹೊರಗೆ ತಂದಿತು. ಚೀಫ್ ಹುದ್ದೆಗೆ ಅವಧಿ ಇರಬೇಕು ಎಂದಿತು. ಅದಕ್ಕೆ ನಗರದ ಸಂವಿಧಾನ ತಿದ್ದಬೇಕು, ಜನಮತ ಬೇಕು.

1992ರ ಏಪ್ರಿಲ್ 29ರಂದು ಆ ಪೊಲೀಸರನ್ನು ಕೋರ್ಟು ಬಹುತೇಕ ಎಲ್ಲ ಆರೋಪಗಳಿಂದ ಬಿಟ್ಟಿತು. ವಿಡಿಯೊದಲ್ಲಿ ನಾವು ಕಂಡದ್ದನ್ನು ಈ ತೀರ್ಪು ಮರೆಮಾಚಲಾರದು ಎಂಬರ್ಥದ ಮಾತನ್ನು ಬ್ರಾಡ್ಲಿ ಆಡಿದರು. ಬೆಂಕಿಗೆ ತುಪ್ಪ ಸುರಿದರು ಎಂದು ಕೆಲವರು ಅವರನ್ನೇ ಬೈದರು. ಸಂಜೆ ನಗರ ಹೊತ್ತಿಕೊಂಡಿತು. ಚೀಫ್ ಗೇಟ್ಸ್ ಆ ಸಂಜೆ ಎಲ್ಲಿದ್ದರು ಗೊತ್ತೇ? ಶ್ರೀಮಂತರ ಬಡಾವಣೆಯೊಂದರಲ್ಲಿ, ಅದೇ ತಿದ್ದುಪಡಿಯನ್ನು ಸೋಲಿಸಲು ಚಂದಾ ಎತ್ತುವ ಕೂಟದಲ್ಲಿ. ಗಲಭೆಯಲ್ಲಿ 50ಕ್ಕೂ ಹೆಚ್ಚು ಜನ ಸತ್ತರು. ಬ್ರಾಡ್ಲಿಗೆ ಆಗ 74. ವಾಟ್ಸ್‌ಗೆ 27 ವರ್ಷ ಕಳೆದ ಮೇಲೆ, ಅದೇ ಮನುಷ್ಯ ಮೇಯರ್ ಆಗಿದ್ದಾಗ, ಅದಕ್ಕಿಂತ ದೊಡ್ಡ ಬೆಂಕಿ.

ಜೂನ್‌ನಲ್ಲಿ ಜನ ತಿದ್ದುಪಡಿಗೆ ಭಾರಿ ಬಹುಮತದಿಂದ ಒಪ್ಪಿಗೆ ಕೊಟ್ಟರು. ಇನ್ನು ಮೇಲೆ ಚೀಫ್‌ಗೆ ಐದು ವರ್ಷ, ಕಮಿಷನ್ ಒಪ್ಪಿದರೆ ಇನ್ನೊಂದು ಐದು ವರ್ಷ, ಅಷ್ಟೇ. ಗೇಟ್ಸ್ ಇಳಿದರು. ಫಿಲಡೆಲ್ಫಿಯಾದಿಂದ ವಿಲ್ಲಿ ವಿಲಿಯಮ್ಸ್ ಬಂದರು, ಆ ನಗರದ ಮೊದಲ ಕಪ್ಪು ಚೀಫ್. ಬ್ರಾಡ್ಲಿ ಆರನೇ ಸಲ ನಿಲ್ಲುವುದಿಲ್ಲ ಎಂದು ಹೇಳಿ 1993ರಲ್ಲಿ ಮನೆಗೆ ಹೋದರು. 1998ರ ಸೆಪ್ಟೆಂಬರ್ 29ರಂದು ತೀರಿಕೊಂಡರು.

ಆ ತಿದ್ದುಪಡಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ವಿಲಿಯಮ್ಸ್‌ಗೆ ಎರಡನೇ ಅವಧಿ ಸಿಗಲಿಲ್ಲ. ಆಮೇಲೆ ಬರ್ನಾರ್ಡ್ ಪಾರ್ಕ್ಸ್ ಎಂಬ ಇನ್ನೊಬ್ಬ ಕಪ್ಪು ಅಧಿಕಾರಿ 1997ರಲ್ಲಿ ಚೀಫ್ ಆದರು. 2002ರಲ್ಲಿ ಅವರಿಗೂ ಎರಡನೇ ಅವಧಿ ಬೇಡ ಎಂದವರು ಆಗಿನ ಮೇಯರ್. ಬೇರೆ ಯಾರೂ ಅಲ್ಲ, ಬ್ರಾಡ್ಲಿ ಮೇಲೆ ತನಿಖೆ ಮಾಡಿದ್ದ ಅದೇ ಜೇಮ್ಸ್ ಹಾನ್. ಕಮಿಷನ್ ಮೇಯರ್ ಮಾತಿನಂತೆ ನಡೆಯಿತು. ಹಾನ್‌ಗೆ ವೋಟು ಹಾಕಿ ಗೆಲ್ಲಿಸಿದ್ದ ಕಪ್ಪು ಜನ ಕೆರಳಿದರು. ಕೆಲಸ ಹೋದ ಪಾರ್ಕ್ಸ್ ಮರುವರ್ಷವೇ ದಕ್ಷಿಣ ಭಾಗದ 8ನೇ ವಾರ್ಡಿನಿಂದ ನಿಂತು ಕೌನ್ಸಿಲ್‌ಗೆ ಗೆದ್ದು ಬಂದರು. 2005ರಲ್ಲಿ ಮೇಯರ್ ಸ್ಥಾನಕ್ಕೂ ನಿಂತರು. ಅದು ಸಿಗಲಿಲ್ಲ, ಆದರೆ ಹಾನ್ ಕೂಡ ಆ ಸಲ ಕುರ್ಚಿ ಕಳೆದುಕೊಂಡರು. ಪಾರ್ಕ್ಸ್ 2015ರವರೆಗೆ ಕೌನ್ಸಿಲ್‌ನಲ್ಲಿದ್ದರು.